ಕಾಂಡ್ಲಾ ಕೆಸರಿನ ಹೆಪ್ಪು

ನನ್ನ ಭಾವ ಕಾಂಡ್ಲಾ ಕಾಡಿನ ಕೆಸರನ್ನು ಊಟದ ಡಬ್ಬಿಗೆ ತುಂಬಿಕೊಂಡ ದಿನ ನನಗೆ ಎರಡು ರೀತಿಯಲ್ಲಿ ನೆನಪಿದೆ. ಒಂದರಲ್ಲಿ ಅವರು ನನ್ನನ್ನು ಕೇಳಿಯೇ ತುಂಬಿಕೊಂಡರು, ನಾನು ನಕ್ಕು ತಲೆಯಾಡಿಸಿದೆ. ಇನ್ನೊಂದರಲ್ಲಿ ನಾನು ಸ್ವಲ್ಪ ದೂರದಲ್ಲಿ ಅಕ್ಕನ ಸೀರೆಯಂಚಿನ ಕೆಸರು ತೊಳೆಯುತ್ತಿದ್ದೆ, ತಿರುಗಿ ನೋಡುವಷ್ಟರಲ್ಲಿ ಡಬ್ಬಿಯ ಮುಚ್ಚಳ ಬಿದ್ದಾಗಿತ್ತು. ಯಾವುದು ನಡೆದದ್ದು, ಯಾವುದು ಆಮೇಲೆ ನನ್ನ ಅನುಕೂಲಕ್ಕೆ ಕಟ್ಟಿಕೊಂಡದ್ದು ಎಂದು ಈಗ ಹೇಳಲಾರೆ. ಡಬ್ಬಿಯಲ್ಲಿ ಉಳಿದಿದ್ದ ಚಿತ್ರಾನ್ನವನ್ನು ಅವರು ಏಡಿಗಳಿಗೆ ಸುರಿದದ್ದು ಮಾತ್ರ ಎರಡರಲ್ಲೂ ಇದೆ.

ನಾನು ಅಘನಾಶಿನಿ ಕಡಲು ಸೇರುವ ಅಳಿವೆಯ ಹತ್ತಿರ ಒಂದು ಸಂಶೋಧನಾ ಯೋಜನೆಯಲ್ಲಿ ಗುತ್ತಿಗೆ ಕೆಲಸದಲ್ಲಿದ್ದೇನೆ. ಓದಿದ್ದು ಜೀವಾಣುಶಾಸ್ತ್ರ. ಕೆಲಸವೆಂದರೆ ನೀರು ಇಳಿದ ಹೊತ್ತಿನಲ್ಲಿ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬುಡಕ್ಕೆ ಹೋಗಿ ಕೆಸರು ತರುವುದು. ಈ ಗಿಡಗಳ ಬೇರುಗಳು ಉಸಿರಾಡಲು ಕೆಸರಿನಿಂದ ಮೇಲೆದ್ದು ಒತ್ತೊತ್ತಾಗಿ ನಿಂತಿರುತ್ತವೆ. ಕಡಲು ತಂದದ್ದು, ಹೊಳೆ ತಂದದ್ದು ಎಲ್ಲವೂ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಲಿನ ಪೊಟ್ಟಣ, ಬಲೆಯ ತುಂಡು, ಗುಟ್ಕಾ ಚೀಟಿ ಕಣ್ಣಿಗೆ ಕಾಣುತ್ತವೆ, ಕೈಯಲ್ಲಿ ಎತ್ತಿ ಹಾಕಬಹುದು. ಕಾಣದಷ್ಟು ಸಣ್ಣದಾಗಿ ಕೆಸರಿನೊಳಗೇ ಸೇರಿಹೋದ ಪ್ಲಾಸ್ಟಿಕ್ಕು ಬೇರೆ. ಅದರ ಮೇಲೆ ಬದುಕಲು ಕಲಿತ ಜೀವಾಣುಗಳು ಅಲ್ಲೇ ಇರಬಹುದು, ಅವುಗಳಲ್ಲಿ ಕೆಲವು ಅದನ್ನು ಮೆಲ್ಲಗೆ ಕರಗಿಸಲೂಬಹುದು ಎಂಬುದು ನಮ್ಮ ಹುಡುಕಾಟ.

ಅಕ್ಕ, ಭಾವ ತಮ್ಮ ಊರಿನವರ ಜೊತೆ ಟೆಂಪೋ ಮಾಡಿಕೊಂಡು ಸಮುದ್ರ ನೋಡಲು ಬಂದಿದ್ದರು. ಹಾಗೇ ನನ್ನ ಕೆಲಸದ ಜಾಗವನ್ನೂ ನೋಡಿದರು. ನಮ್ಮ ಯೋಜನೆಯ ಮುಖ್ಯಸ್ಥೆ, ನಾವು ಮೇಡಂ ಎನ್ನುವವರು, ಸೂಕ್ಷ್ಮದರ್ಶಕದಲ್ಲಿ ತೆಗೆದ ಒಂದು ಚಿತ್ರ ತೋರಿಸಿದರು. ತೆಳ್ಳನೆಯ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಗೆದ್ದಲು ಕೊರೆದ ಹಾಗೆ ಗುಳಿಗಳು. ಭಾವ ಬಹಳ ಹೊತ್ತು ನೋಡಿದರು.

“ಒಂದು ಎಕ್ರೆಗೆ ಎಷ್ಟು ಬೇಕಾಗ್ತೈತೆ ಮೇಡಂ?”

“ಹಾಗೆಲ್ಲ ಲೆಕ್ಕ ಇಲ್ಲ ರೀ. ಇದು ಇನ್ನೂ ಲ್ಯಾಬ್ ಒಳಗಿನ ಮಾತು. ಇಷ್ಟು ಗುಳಿ ಬೀಳೋಕೇ ತಿಂಗಳುಗಟ್ಟಲೆ ಹಿಡೀತು.”

“ತಿಂಗಳು ಹಿಡಿದ್ರೂ ಅಡ್ಡಿ ಇಲ್ಲ. ನಮ್ಗೇನು ಅವಸರ ಐತೆ?”

ಮೇಡಂ ನಕ್ಕರು. ನಾನೂ ನಕ್ಕಿರಬೇಕು.

ಭಾವನ ಪ್ರಶ್ನೆ ನಗುವಂಥದ್ದಲ್ಲ ಎಂದು ಅಕ್ಕನ ಊರಿಗೆ ಹೋದವರಿಗೆ ಗೊತ್ತಾಗುತ್ತದೆ. ಆನವಟ್ಟಿಯಿಂದ ಬೈಕಿನಲ್ಲಿ ಹೋಗುವಷ್ಟು ದೂರ. ಕೆರೆಯ ಕೆಳಗೆ ಅವರ ಗದ್ದೆ. ಭತ್ತ ಬಿಟ್ಟು ಕೆಲವು ವರ್ಷ ಮೆಣಸಿನಕಾಯಿ, ಕಲ್ಲಂಗಡಿ ಬೆಳೆದರು. ಆ ಬೆಳೆಗೆ ಮಡಿಗಳ ಮೇಲೆ ಉದ್ದಕ್ಕೂ ಪ್ಲಾಸ್ಟಿಕ್ ಹಾಳೆ ಹಾಸಬೇಕು, ಮೇಲ್ಮೈ ಬೆಳ್ಳಿ ಬಣ್ಣ, ಕೆಳಮೈ ಕಪ್ಪು. ನಮ್ಮ ಕಡೆ ಎಲ್ಲರೂ ಅದನ್ನು ಪೇಪರು ಎಂದೇ ಕರೆಯುತ್ತಾರೆ. ಕಳೆ ಬರುವುದಿಲ್ಲ, ನೀರು ಉಳಿಯುತ್ತದೆ, ಬೆಳೆ ಚೆನ್ನಾಗಿಯೇ ಬಂತು. ಆದರೆ ಕೊಯ್ಲು ಮುಗಿದ ಮೇಲೆ ಪೇಪರು ಇಡಿಯಾಗಿ ಮೇಲೇಳುವುದಿಲ್ಲ, ಬಿಸಿಲಿಗೆ ಹಪ್ಪಳವಾಗಿರುತ್ತದೆ. ಎಳೆದಷ್ಟು ಎಳೆದು ಮೂಲೆಯಲ್ಲಿ ಸುಟ್ಟರು. ಮಿಕ್ಕಿದ್ದನ್ನು ಉತ್ತರು. ಅದರ ಮೇಲೆ ಮತ್ತೊಂದು ಪೇಪರು, ಮತ್ತೊಂದು ಬೆಳೆ.

ಭತ್ತಕ್ಕೆ ಮರಳಬೇಕೆಂದು ಹಟ ಹಿಡಿದದ್ದು ಅಕ್ಕ. ಆದರೆ ನಾಟಿಗೆ ಬಂದ ಹೆಂಗಸರು ಕೈ ಹಾಕಿದಲ್ಲೆಲ್ಲ ಹಾಳೆಯ ಚಿಂದಿ ಬೆರಳಿಗೆ ಸುತ್ತಿಕೊಳ್ಳುತ್ತದೆಂದು ಗೊಣಗಿದರು. “ನಿಮ್ಮ ಗದ್ದೇಲಿ ಸಸಿ ಊರ್ತಿದೀವೋ ಹಳೇ ಸೀರೆ ಹುಡುಕ್ತಿದೀವೋ ತಿಳೀತಿಲ್ಲ” ಎಂದು ಒಬ್ಬಳು ಹೇಳಿದ್ದನ್ನು ಅಕ್ಕ ನನಗೆ ಬಹಳ ಸಲ ಹೇಳಿದ್ದಾಳೆ. ಹೇಳುವಾಗ ನಗುತ್ತಾಳೆ, ಆಮೇಲೆ ಸುಮ್ಮನಾಗುತ್ತಾಳೆ.

ಸುಮ್ಮನಾಗಲು ಕಾರಣ ಗದ್ದೆಯಲ್ಲ, ಬಾವಿ. ಗದ್ದೆಯ ತಗ್ಗಿನ ಮೂಲೆಯಲ್ಲಿ, ಮನೆಗೆ ಹತ್ತಿರವಾಗಿ, ಒಂದು ಕಲ್ಲು ಕಟ್ಟಿದ ಬಾವಿಯಿದೆ. ಮಳೆಗಾಲದಲ್ಲಿ ಬಗ್ಗಿ ತೆಗೆಯುವಷ್ಟು ಮೇಲಕ್ಕೆ ನೀರು ಬರುತ್ತದೆ; ಪೇಪರು ಹಾಸತೊಡಗಿದ ಮೇಲೆ ಅದರಲ್ಲಿ ಹಾಳೆಯ ಚೂರುಗಳೂ ತೇಲುತ್ತಿದ್ದವು, ಸೋಸಿ ತುಂಬಿಕೊಳ್ಳುತ್ತಿದ್ದರು. ಊರಿಗೆ ನಲ್ಲಿ ಬಂದು ಎಷ್ಟೋ ಕಾಲವಾಯಿತು. ಆದರೂ ಬೇಳೆ ಬೇಯಿಸಲು, ಕುಡಿಯಲು ಅಕ್ಕನ ಬಾವಿಯ ನೀರೇ ಆಗಬೇಕು. ಹಗುರ ನೀರು ಎನ್ನುತ್ತಾರೆ. ಊರಿನ ಯಾವ ಮನೆಯಲ್ಲಿ ಬಾಣಂತಿಯಿದ್ದರೂ ಕುಡಿಯುವ ನೀರು, ಮಗುವಿನ ಸ್ನಾನದ ನೀರು ಇಲ್ಲಿಂದಲೇ ಹೋಗುತ್ತದೆ. ಕೇಳಿ ತೆಗೆದುಕೊಂಡು ಹೋಗುವ ಪದ್ಧತಿಯಿಲ್ಲ, ಬಂದು ಸೇದಿಕೊಂಡು ಹೋಗುತ್ತಾರೆ. ಬಾಣಂತಿಯ ಮನೆಗೆ ನೀರಿಲ್ಲ ಎನ್ನುವುದು ಅಲ್ಲಿ ಬೈಗುಳಕ್ಕಿಂತ ಕೆಟ್ಟದ್ದು. ಭಾವ ಕೆಸರು ತಂದ ವರ್ಷದ ಮಳೆಗಾಲದಲ್ಲಿ ಪಕ್ಕದ ಮನೆಯ ಮಗಳು ಹೆರಿಗೆಗೆ ಬಂದಿದ್ದಳು. ಹೆಣ್ಣು ಮಗು. ಅವಳ ತಾಯಿಯನ್ನು ಅಕ್ಕ ಅತ್ತೆ ಎಂದು ಕರೆಯುತ್ತಾಳೆ, ರಕ್ತಸಂಬಂಧವೇನೂ ಇಲ್ಲ. ಆ ಅತ್ತೆ ದಿನಾ ಬೆಳಿಗ್ಗೆ ಕೊಡ ಹಿಡಿದು ಬರುತ್ತಿದ್ದಳು.

ಕೆಸರು ಏನಾಯಿತೆಂದು ನನಗೆ ತಿಳಿದದ್ದು ಮುಂದಿನ ಸಲ ಅಕ್ಕನ ಊರಿಗೆ ಹೋದಾಗ. ಕೊಟ್ಟಿಗೆಯ ಪಕ್ಕದಲ್ಲಿ ನೀಲಿ ಡ್ರಮ್ಮು, ಬಾಯಿಗೆ ಗೋಣಿಚೀಲ. ಜೀವಾಮೃತ ಮಾಡುವ ಡ್ರಮ್ಮು ಅದು: ನಾಟಿ ಹಸುವಿನ ಸಗಣಿ, ಗಂಜಲ, ಬೆಲ್ಲ, ಕಡಲೆಹಿಟ್ಟು, ಬದುವಿನ ಒಂದು ಹಿಡಿ ಮಣ್ಣು ಹಾಕಿ ದಿನಾ ಕೋಲಿನಲ್ಲಿ ತಿರುಗಿಸಿ ಹೊಲಕ್ಕೆ ಹಾಕುವುದನ್ನು ಈಗ ಎಲ್ಲರೂ ಬಲ್ಲರು. ಭಾವ ಬದುವಿನ ಮಣ್ಣಿನ ಬದಲು ಕಾಂಡ್ಲಾ ಕೆಸರು ಹಾಕಿದ್ದರು. ಗೋಣಿ ಎತ್ತಿದರೆ ನೊರೆ ಉಕ್ಕಿ ಬಂದಿತ್ತು.

“ನೋಡು ವಿಜ್ಞಾನಿ, ಹೆಂಗೆ ಎದ್ದೈತೆ.”

ಈ ನೊರೆ ಕಾಂಡ್ಲಾದ ಜೀವಾಣುಗಳದ್ದಲ್ಲ, ಸಗಣಿಯದ್ದು, ಬೆಲ್ಲದ್ದು ಎಂದೆ. ಅವು ಉಪ್ಪುನೀರಿನಲ್ಲಿ ಬದುಕುವಂಥವು, ನಿಮ್ಮ ಡ್ರಮ್ಮಿಗೆ ಬಂದ ದಿನವೇ ಸತ್ತಿರುತ್ತವೆ ಎಂದೂ ಹೇಳಿದೆ.

“ಅಷ್ಟೂ ತಿಳಿಯಲ್ವಾ ನಂಗೆ? ಸಮುದ್ರದ ಹುಳ ಸಪ್ಪೆ ತಿಂತೈತಾ? ಎರಡು ಬೊಗಸೆ ಕಲ್ಲುಪ್ಪು ಹಾಕೀನಿ.”

“ಉಪ್ಪಿನಕಾಯಿ ಹಾಕಿದಂಗೆ ಹಾಕ್ಯಾರೆ,” ಎಂದಳು ಅಕ್ಕ ಒಳಗಿನಿಂದ. “ಸಾಸಿವೆ ಒಂದು ಬಾಕಿ.”

ಅವರಿಗೆ ಅದು ಹೆಪ್ಪಿನ ವಿಷಯ. ಹಾಲಿಗೆ ಒಂದು ಹನಿ ಮಜ್ಜಿಗೆ ಬಿದ್ದರೆ ಬೆಳಿಗ್ಗೆಗೆ ಮೊಸರು. ಮನೆಯಲ್ಲಿ ಹೆಪ್ಪು ತಪ್ಪಿದರೆ ಪಕ್ಕದ ಮನೆಯಿಂದ ತರುತ್ತೇವೆ, ಅವರಿಗೆ ತಪ್ಪಿದರೆ ನಾವು ಕೊಡುತ್ತೇವೆ, ಹೆಪ್ಪು ಯಾರ ಸ್ವತ್ತೂ ಅಲ್ಲ. ಈ ಡ್ರಮ್ಮಿನದ್ದೂ ಹಾಗೇ ಹೋಗತೊಡಗಿತ್ತು. ಊರಿನಲ್ಲಿ ಪೇಪರು ಹಾಸದ ಗದ್ದೆ ಉಳಿದಿರಲಿಲ್ಲ, ಪೇಪರಿನಿಂದ ಬೇಸತ್ತವರೂ ಕಡಿಮೆಯಿರಲಿಲ್ಲ. ಒಬ್ಬೊಬ್ಬರೇ ಕ್ಯಾನು ಹಿಡಿದು ಬಂದು ಒಯ್ದರು, ತಮ್ಮ ಡ್ರಮ್ಮಿನಲ್ಲಿ ಬೆಳೆಸಿ ಮತ್ತೊಬ್ಬರಿಗೆ ಕೊಟ್ಟರು. ಶಿರಾಳಕೊಪ್ಪದಲ್ಲಿ ಭಾವ ಪೇಪರು ಕೊಳ್ಳುತ್ತಿದ್ದ ಅಂಗಡಿಯ ಸಾಹೇಬರ ಕಿವಿಗೂ ಸುದ್ದಿ ಬಿದ್ದಿತ್ತು. ಭಾವನ ಜೊತೆ ಸಂತೆಗೆ ಹೋದಾಗ ಅವರು ಅಂಗಡಿಯ ಬಾಗಿಲಲ್ಲೇ ಕೈ ಅಡ್ಡ ಹಿಡಿದರು.

“ಕೈ ತೊಳ್ಕೊಂಡು ಬನ್ನಿ ರೀ ಯಜಮಾನ್ರೇ. ಹಿಂದಿನ ಗೋಡೌನ್ ತುಂಬಾ ಮಾಲು ಐತೆ, ನಿಮ್ಮ ಹುಳ ಹೊಕ್ಕರೆ ನಾನು ಚಿಂದಿ ಮಾರ್ಬೇಕಾಗ್ತದೆ.”

ಎಲ್ಲರೂ ನಕ್ಕರು. ಸಾಹೇಬರು ಚಹಾ ತರಿಸಿದರು. ಅವರು ತಮಾಷೆ ಮಾಡುತ್ತಿದ್ದರೋ, ಎಲ್ಲೋ ಒಂದು ಕಡೆ ನಿಜವಾಗಿ ಅಂಜಿದ್ದರೋ ನನಗೆ ಆಗಲೂ ತಿಳಿಯಲಿಲ್ಲ.

ಮಳೆ ಹಿಡಿದ ಮೇಲೆ ಭಾವ ಫೋನ್ ಮಾಡಿದರು. ಡ್ರಮ್ಮಿನ ನೀರು ಎರಚಿದ್ದಾಯಿತು, ರೋಟರಿ ಹೊಡೆಸಿದ್ದಾಯಿತು, ಗದ್ದೆಯಲ್ಲಿ ಒಂದು ತುಂಡು ಪೇಪರು ಇಲ್ಲ. “ಬಂದು ಹುಡುಕು, ಸಿಕ್ಕಿದ್ರೆ ನಿನ್ನ ಕಾಲಿಗೆ ಬೀಳ್ತೀನಿ.”

ರೋಟರಿಯೆಂದರೆ ಟ್ರ್ಯಾಕ್ಟರಿನ ಹಿಂದೆ ಕಟ್ಟುವ, ಮಣ್ಣನ್ನು ಹಿಟ್ಟು ಮಾಡುವ ಕತ್ತಿಗಳ ಉರುಳೆ. ಬಿಸಿಲಿಗೆ ಹಪ್ಪಳವಾದ ಪೇಪರಿನ ಮೇಲೆ ಅದು ಹಾದರೆ ಏನಾಗುತ್ತದೆ ಎಂದು ಫೋನಿನಲ್ಲೇ ಹೇಳಬೇಕು ಅನ್ನಿಸಿತು. ಅವರ ದನಿಯಲ್ಲಿ ಅಷ್ಟು ಸಂತೋಷವಿತ್ತು, ಬರುತ್ತೇನೆ ಎಂದಷ್ಟೇ ಹೇಳಿದೆ.

ಸೊರಬದಲ್ಲಿ ಬಸ್ಸು ಬದಲಿಸಿ ಹೋದೆ. ದಾರಿಯುದ್ದಕ್ಕೂ ಹಳ್ಳಗಳು ಕೆಂಪಗೆ ಹರಿಯುತ್ತಿದ್ದವು. ಈ ನೀರೆಲ್ಲ ವರದೆಗೆ ಸೇರಿ ಪೂರ್ವಕ್ಕೆ ಹೋಗುತ್ತದೆ, ನಾನು ಕೆಸರು ತೆಗೆಯುವ ಅಳಿವೆ ಪಶ್ಚಿಮದಲ್ಲಿದೆ. ಕಾಂಡ್ಲಾ ಬೇರುಗಳಲ್ಲಿ ಸಿಕ್ಕುವ ಪ್ಲಾಸ್ಟಿಕ್ಕು ನಮ್ಮೂರಿನದ್ದಲ್ಲ ಎಂದು ನಾನು ಎಷ್ಟೋ ಸಲ ಸಮಾಧಾನಪಟ್ಟುಕೊಂಡದ್ದುಂಟು. ಅಂದು ಕಿಟಕಿಯಲ್ಲಿ ನೋಡುತ್ತಾ ಕುಳಿತಾಗ, ಇಲ್ಲಿಂದ ಹೊರಟದ್ದು ಯಾವ ಕಡಲಿಗೆ ಹೋದರೇನು, ಮೊದಲು ಇಲ್ಲೇ ತಾನೇ ಇರುತ್ತದೆ ಎನ್ನಿಸಿತು.

ಗದ್ದೆ ನಿಜಕ್ಕೂ ಚೊಕ್ಕಟವಾಗಿತ್ತು. ಕೆಸರಿಗೆ ಇಳಿದು ಕೈಯಾಡಿಸಿದೆ, ಬೆರಳಿಗೆ ಏನೂ ಸುತ್ತಿಕೊಳ್ಳಲಿಲ್ಲ. ನಾಟಿಯಾಗಿತ್ತು, ಸಸಿ ಹಸಿರು ತಿರುಗಿತ್ತು. ಸಾಲುಗಳ ನಡುವೆ ನಿಂತ ನೀರಿನ ಅಂಚಿನಲ್ಲಿ ಸಣ್ಣದೊಂದು ಹೊಳಪು ಕಂಡ ನೆನಪು. ಅಭ್ರಕವೂ ಇರಬಹುದು, ನಮ್ಮ ಮಣ್ಣಿನಲ್ಲಿ ಅದೂ ಹೊಳೆಯುತ್ತದೆ. ಆಮೇಲೆ ಕಂಡದ್ದರಿಂದ ಈ ಹೊಳಪು ನನ್ನ ನೆನಪಿಗೆ ಹಿಂದಕ್ಕೆ ಬಂದು ಸೇರಿಕೊಂಡಿತೇನೋ. ಬಾವಿಯ ನೀರನ್ನು ಮಾತ್ರ ಸರಿಯಾಗಿ ನೋಡಿದ್ದೇನೆ. ಅಷ್ಟು ತಿಳಿಯಾದ ನೀರನ್ನು ನಾನು ಆ ಬಾವಿಯಲ್ಲಿ ಮಳೆಗಾಲದಲ್ಲಿ ನೋಡಿಯೇ ಇರಲಿಲ್ಲ. ತಳದ ಕಲ್ಲು ಕಾಣುತ್ತಿತ್ತು.

“ನೋಡ್ದ್ಯಾ?” ಎಂದರು ಭಾವ.

ಅಕ್ಕ ಆ ನೀರನ್ನು ಅಡುಗೆಮನೆಯ ತಾಮ್ರದ ಹಂಡೆಯಲ್ಲಿ ತುಂಬಿಡುತ್ತಾಳೆ. ಮಾರನೆಯ ದಿನ ಬೆಳಿಗ್ಗೆ ಅವಳು ಹಂಡೆ ತೊಳೆಯಲು ಬಗ್ಗಿಸಿದಾಗ ತಳದಲ್ಲಿ ಒಂದಿಷ್ಟು ಬೂದು ಬಣ್ಣದ ರಾಡಿ ಉಳಿದಿತ್ತು. ಚೆಲ್ಲಬೇಡ ಎಂದೆ. ಮಾವಿನಮಿಡಿಗೆ ಹಾಕುತ್ತೀಯಲ್ಲ, ಅಂಥ ಗಟ್ಟಿ ಉಪ್ಪುನೀರು ಮಾಡಿಕೊಡು ಎಂದು ಕೇಳಿದೆ. ಏಕೆಂದು ಅವಳು ಕೇಳಲಿಲ್ಲ. ಕಾಯಿಸಿ, ಆರಿಸಿ, ಸೋಸಿ ಕೊಟ್ಟಳು. ಎತ್ತರದ ಗಾಜಿನ ಭರಣಿಗೆ ರಾಡಿ ಸುರಿದು ಮೇಲೆ ಉಪ್ಪುನೀರು ಹಾಕಿ, ಚೆನ್ನಾಗಿ ಕಲಕಿ ಕಿಟಕಿಯಲ್ಲಿ ಇಟ್ಟೆ. ನಮ್ಮ ಲ್ಯಾಬಿನಲ್ಲಿ ಮಾಡುವುದೂ ಹೆಚ್ಚುಕಡಿಮೆ ಇದನ್ನೇ: ಗಟ್ಟಿ ಉಪ್ಪುನೀರಿನಲ್ಲಿ ಮಣ್ಣು ತಳಕ್ಕೆ ಹೋಗುತ್ತದೆ, ಪ್ಲಾಸ್ಟಿಕ್ಕು ಮೇಲಕ್ಕೆ ಬರುತ್ತದೆ.

ಅಕ್ಕ ಕಾಯಿ ತುರಿದಳು, ಒಗ್ಗರಣೆ ಹಾಕಿದಳು. ನಡುನಡುವೆ ಭರಣಿಯ ಕಡೆ ನೋಡುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಮಣ್ಣು ಕೆಳಗಿಳಿದಿತ್ತು. ನೀರಿನ ಮೇಲೆ ಒಂದು ತೆಳುವಾದ ಪರೆ ನಿಂತಿತ್ತು. ಅಕ್ಕ ಬೆರಳು ಮುಟ್ಟಿಸಿ ಬಾಗಿಲ ಬೆಳಕಿಗೆ ಹಿಡಿದಳು. ಎಳ್ಳಿಗಿಂತ ಸಣ್ಣ ಚೂರುಗಳು, ಹಿಟ್ಟಿನಂತಹವೂ ಇದ್ದವು. ಬೆರಳಿನಲ್ಲಿ ಒಂದನ್ನು ಮಗುಚಿದಳು. ಒಂದು ಮಗ್ಗುಲು ಬೆಳ್ಳಿ, ಇನ್ನೊಂದು ಕಪ್ಪು.

“ನಮ್ದೇ,” ಎಂದಳು.

ಊಟಕ್ಕೆ ಬಂದ ಭಾವನಿಗೆ ಭರಣಿ ತೋರಿಸಿದೆವು. ಅವರು ಕನ್ನಡಕ ಹಾಕಿಕೊಂಡು ನೋಡಿದರು.

“ಹುಳ ತಿಂದು ಬಿಟ್ಟ ಎಂಜ್ಲು ಇದು. ಊಟ ಆದ್ಮೇಲೆ ಎಲೆ ಮೇಲೆ ಒಂಚೂರು ಉಳಿಯಲ್ವಾ?”

“ತಿಂದಿಲ್ಲ ಭಾವ. ರೋಟರಿ ಪುಡಿ ಮಾಡೈತೆ.”

“ಹಂಗಾದ್ರೆ ಮೊದ್ಲು ನೀರಿನ ಮೇಲೆ ತೇಲ್ತಿದ್ವು, ಈಗ್ಯಾಕೆ ಇಲ್ಲ? ಬಾವಿ ನೋಡ್ಲಿಲ್ವಾ ನೀನು, ಕನ್ನಡಿ ಇದ್ದಂಗೆ ಐತೆ.”

ಅದಕ್ಕೆ ನನ್ನ ಹತ್ತಿರ ಉತ್ತರವಿತ್ತು. ಡ್ರಮ್ಮಿನಲ್ಲಿ ಸೊಕ್ಕಿ ಬೆಳೆದದ್ದು ಯಾವ ಜೀವಾಣುವೋ, ಅದು ಪ್ಲಾಸ್ಟಿಕ್ಕನ್ನು ತಿಂದಿರಲಿಲ್ಲ, ಅದರ ಮೇಲೆ ಮನೆ ಕಟ್ಟಿತ್ತು. ಚೂರಿನ ಸುತ್ತ ಲೋಳೆ ಕಟ್ಟುತ್ತದೆ, ಲೋಳೆಗೆ ಮಣ್ಣು ಹತ್ತುತ್ತದೆ, ಭಾರವಾಗಿ ತಳ ಸೇರುತ್ತದೆ. ಅಳಿವೆಯಲ್ಲೂ ಹೀಗೆಯೇ ಆಗುವುದನ್ನು ನೋಡಿದ್ದೇನೆ. ತೇಲುವ ಚೂರು ಕಣ್ಣಿಗೆ ಬೀಳುತ್ತದೆ, ಮುಳುಗಿದ್ದು ಬೀಳುವುದಿಲ್ಲ. ಇಷ್ಟನ್ನೂ ಹೇಳಿದೆ. ಇದೂ ನನ್ನ ಊಹೆಯೇ, ಪರೀಕ್ಷೆ ಮಾಡಿ ಹೇಳಿದ್ದಲ್ಲ ಎಂದು ಸೇರಿಸಿದೆ. ಸೇರಿಸಬಾರದಿತ್ತೇನೋ. ಭಾವ ಆ ಕೊನೆಯ ಮಾತನ್ನು ಹಿಡಿದುಕೊಂಡು, “ಹಂಗಾದ್ರೆ ನಿಂಗೂ ಗೊತ್ತಿಲ್ಲ,” ಎಂದು ಅನ್ನಕ್ಕೆ ಸಾರು ಬಡಿಸಿಕೊಂಡರು. ಹಂಡೆಯ ನೀರನ್ನೇ ಕುಡಿದು ಎದ್ದರು.

ಪಾತ್ರೆ ತೊಳೆಯುವಾಗ ಅಕ್ಕ ಕೇಳಿದಳು.

“ಹೊಟ್ಟೆಗೆ ಹೋದ್ರೆ ಏನಾಗ್ತೈತೆ?”

“ಗೊತ್ತಿಲ್ಲ ಅಕ್ಕ.”

“ನಿಂಗೆ ಗೊತ್ತಿಲ್ವೋ, ಯಾರಿಗೂ ಗೊತ್ತಿಲ್ವೋ?”

“ಸರಿಯಾಗಿ ಯಾರಿಗೂ ಗೊತ್ತಿಲ್ಲ. ನೋಡ್ತಿದಾರೆ. ಒಳ್ಳೇದಂತೂ ಅಲ್ಲ.”

“ಕೂಸಿಗೆ?”

ತೊಳೆದ ತಟ್ಟೆಯನ್ನು ಕವುಚಿ ಇಟ್ಟೆ.

“ಗೊತ್ತಿಲ್ಲ ಅಂತ ಹೋಗಿ ಹೇಳ್ಲಾ ನಾನು ಬಾಣಂತಿ ಮನೇಲಿ?” ಎಂದಳು. ಸಿಟ್ಟು ನನ್ನ ಮೇಲಲ್ಲ ಎಂದು ಅಂದುಕೊಂಡೆ. ಈಗ ಯೋಚಿಸಿದರೆ ನನ್ನ ಮೇಲೂ ಇದ್ದಿರಬೇಕು.

ಆದರೂ ಅವಳು ಹೇಳಿದಳು. ಮರುದಿನ ಬೆಳಿಗ್ಗೆ ಅತ್ತೆ ಕೊಡ ಹಿಡಿದು ಬಂದಾಗ ನಾನು ಹಿತ್ತಿಲ ಕಟ್ಟೆಯ ಮೇಲೆ ಹಲ್ಲುಜ್ಜುತ್ತಿದ್ದೆ.

“ಅತ್ತೆ, ಸ್ವಲ್ಪ ದಿನ ಕೂಸಿಗೆ, ಬಾಣಂತಿಗೆ ಈ ನೀರು ಬ್ಯಾಡ. ನೀರಿನೊಳಗೆ ಪೇಪರಿನ ಪುಡಿ ಐತೆ.”

ಅತ್ತೆ ಬಾವಿಗೆ ಬಗ್ಗಿ ನೋಡಿದಳು. “ಎಲ್ಲೈತೆ? ತಳ ಕಾಣ್ತೈತಲ್ಲ.”

“ಕಣ್ಣಿಗೆ ಕಾಣಲ್ಲ. ತಂಗಿ ನೋಡ್ಯಾಳೆ.”

“ನಿನ್ನ ಗಂಡ ಪೇಪರು ತಿನ್ನೋ ಔಷಧಿ ಹಾಕೀನಿ ಅಂತ ಊರಿಗೆಲ್ಲ ಹಂಚ್ಯಾನೆ. ನೀನು ಪೇಪರು ಐತೆ ಅಂತಿ. ಮನೇಲಿ ಇಬ್ರೂ ಮಾತಾಡ್ಕೊಂಡು ಒಂದು ತೀರ್ಮಾನಕ್ಕೆ ಬನ್ನಿ ತಾಯಿ.”

“ನಿಮ್ಮ ಒಳ್ಳೇದಕ್ಕೇ ಹೇಳ್ದೆ.”

“ನೀರಿಲ್ಲ ಅನ್ನೋಕೆ ಇಷ್ಟು ಸುತ್ತು ಯಾಕೆ? ನೇರ ಹೇಳು, ನನ್ನ ಮಗಳಿಗೆ ಬೇರೆ ಕಡೆ ತರ್ತೀನಿ. ನಿಂಗೆ ಬಾಣಂತನ ಆದಾಗ ಯಾರು ಸೇದಿ ಕೊಟ್ಟಿದ್ದು?”

ಸೇದಿ ಕೊಟ್ಟಿದ್ದು ಆ ಅತ್ತೆಯೇ. ಅಕ್ಕನ ಮುಖ ಇಳಿದುಹೋಯಿತು. ಅತ್ತೆ ಖಾಲಿ ಕೊಡ ಎತ್ತಿಕೊಂಡು ತಿರುಗಿದಳು. ಅಕ್ಕ ಹಿಂದೆಯೇ ಹೋಗಿ ಕೊಡವನ್ನು ಅವಳ ಕೈಯಿಂದ ತೆಗೆದುಕೊಂಡಳು.

“ಅತ್ತೆ, ಹಂಗಲ್ಲ. ನೀವು ಈ ಕೆಸರಲ್ಲಿ ದಿನಾ ಓಡಾಡೋದು ಬ್ಯಾಡ ಅಂತ. ಇನ್ಮೇಲೆ ನಾನೇ ತುಂಬಿ ತಂದು ಕೊಡ್ತೀನಿ.”

ಇದು ಅಕ್ಕನಿಗೆ ಆ ಗಳಿಗೆಯಲ್ಲಿ ಹೊಳೆದದ್ದು. ಅತ್ತೆ, “ಅದನ್ನ ಮೊದ್ಲೇ ಹೇಳೋಕೇನಾಗಿತ್ತು,” ಎಂದು ಮೃದುವಾದಳು. ಅವಳು ಹೋದ ಮೇಲೆ ಅಕ್ಕ ಕೊಡ ಹೊತ್ತು ತನ್ನ ಬಾವಿ ದಾಟಿ, ಬದು ಹತ್ತಿ, ಮೇಲುಕೇರಿಯ ಕಡೆ ನಡೆದಳು. ಅಲ್ಲಿ ಇನ್ನೊಂದು ಮನೆಯ ಬಾವಿಯಿದೆ. ಹಿಂತಿರುಗುವಾಗ ಮಳೆ ಶುರುವಾಗಿತ್ತು. ತಲೆಯ ಮೇಲೆ ಕೊಡ, ಒಂದು ಕೈಯಲ್ಲಿ ಎತ್ತಿ ಹಿಡಿದ ಸೀರೆ. ನೆನೆದುಕೊಂಡೇ ನೇರವಾಗಿ ಅತ್ತೆಯ ಹಿತ್ತಿಲ ಬಾಗಿಲಿಗೆ ಹೋದಳು.

ಅಂದಿನಿಂದ ದಿನಾ ಹಾಗೇ. ಭಾವನಿಗೆ ಗೊತ್ತಿಲ್ಲವೆಂದಲ್ಲ. ನೋಡಿದರೂ ನೋಡದವರಂತೆ ಇರುತ್ತಾರೆ ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ಡ್ರಮ್ಮಿನ ಗೋಣಿ ಹಾಗೇ ಇದೆ, ತಿರುಗಿಸುವುದನ್ನು ನಿಲ್ಲಿಸಿದ್ದಾರೆ. ಆದರೆ ಯಾರಾದರೂ ಕ್ಯಾನು ತಂದರೆ ಇಲ್ಲವೆನ್ನಲು ಅವರಿಗೆ ಬಾಯಿ ಬರುವುದಿಲ್ಲ. ಮಗು ಚೆನ್ನಾಗಿದೆ, ಮೈ ತುಂಬಿಕೊಂಡಿದೆ. ಎರೆಯುವಾಗ ಅಳುವುದೇ ಇಲ್ಲವಂತೆ. “ನಿಮ್ಮ ಬಾವಿ ನೀರಿನ ಗುಣ ಅಂತಾಳೆ ಅತ್ತೆ,” ಎಂದು ಅಕ್ಕ ಹೇಳಿ, ನಗಲೂ ಇಲ್ಲ, ಸುಮ್ಮನಾಗಲೂ ಇಲ್ಲ. ಮೇಲುಕೇರಿಯ ಬಾವಿಯ ನೀರು ತುಂಬಿಟ್ಟ ಪಾತ್ರೆಯ ತಳದ ರಾಡಿಯನ್ನು ಒಂದು ಸೀಸೆಯಲ್ಲಿ ಹಾಕಿ, ನೀನಿರುವ ಕುಮಟಾ ಕಡೆ ಬರುತ್ತಿದ್ದ ಒಬ್ಬರ ಕೈಯಲ್ಲಿ ಕಳಿಸಿದ್ದೇನೆ, ನೋಡಿ ಹೇಳು ಎಂದಳು.

ಸೀಸೆ ಬಂದು ತಲುಪಿತು. ಲ್ಯಾಬಿನ ಉಪ್ಪುನೀರಿನಲ್ಲಿ ಕಲಕಿ ಇಟ್ಟು, ನಾನು ಎಂದಿನ ಕೆಲಸಕ್ಕೆ ಅಳಿವೆಗೆ ಹೋದೆ. ನೀರು ಇಳಿದಿತ್ತು. ಬೇರುಗಳ ನಡುವೆ ಕುಕ್ಕರಗಾಲಿನಲ್ಲಿ ಕುಳಿತು ಕೆಸರು ತುಂಬುವಾಗ, ಹೊಳೆಯ ಆಚೆ ದಡದಲ್ಲಿ ಹೆಂಗಸರು ಸೊಂಟದವರೆಗೆ ನೀರಿಗಿಳಿದು ಚಿಪ್ಪು ಆರಿಸುತ್ತಿದ್ದರು. ಮೇಲುಕೇರಿಯ ಆ ಮನೆಯವರೂ ಕಲ್ಲಂಗಡಿ ಬೆಳೆದಿದ್ದರೇ, ರೋಟರಿ ಹೊಡೆಸಿದ್ದರೇ ಎಂದು ನೆನಪಿಸಿಕೊಳ್ಳಲು ನೋಡಿದೆ. ಬೆಳೆದಿರಲಿಲ್ಲ ಎಂದು ನೆನಪು ಹೇಳಿತು. ನನಗೆ ಬೇಕಾದದ್ದನ್ನು ಅದು ಅಷ್ಟು ಬೇಗ ಹೇಳಿದ್ದೇ ನನ್ನನ್ನು ಹೆದರಿಸಿತು.

ಹಿಂತಿರುಗಿ ನೋಡಿದಾಗ ಗಾಜಿನ ನೀರು ತಿಳಿಯಾಗಿತ್ತು. ಮೇಲೆ ಪರೆ ನಿಂತಿತ್ತು. ಅಕ್ಕನ ಬಾವಿಯದ್ದಕ್ಕಿಂತ ತೆಳು, ಆದರೆ ಇತ್ತು. ಒಂದು ಮಗ್ಗುಲು ಬೆಳ್ಳಿ, ಇನ್ನೊಂದು ಕಪ್ಪು.

ಸಂಜೆ ನಾನೇ ಫೋನ್ ಮಾಡಿದೆ. ಬೇರೆ ಮಾತಾಡಲಿಲ್ಲ.

“ಅದರಲ್ಲೂ ಐತೆ ಅಕ್ಕ.”

ಆ ಕಡೆ ಮಳೆ ಬರುತ್ತಿತ್ತು.

“ಹಂಗಾದ್ರೆ ನಾಳೆ ಎಲ್ಲಿಂದ ತರ್ಲಿ?” ಎಂದು ಕೇಳಿದಳು.

ಊರಿನ ಬಾವಿಗಳನ್ನೆಲ್ಲ ಒಂದೊಂದಾಗಿ ನೆನೆದೆ. ಹೇಳಲು ಒಂದೂ ಸಿಕ್ಕಲಿಲ್ಲ. ಆಮೇಲೆ, ಯಾರೋ ಹಿತ್ತಿಲ ಬಾಗಿಲಿಗೆ ಬಂದಿರಬೇಕು, ಅಕ್ಕ ಫೋನನ್ನು ಸ್ವಲ್ಪ ದೂರ ಹಿಡಿದು, “ನೀರು ಈಗ್ಲೇ ತರ್ತೀನಿ ಅತ್ತೆ, ಕೊಡ ತೊಳೀತಿದೀನಿ,” ಎಂದಳು.